ಸರ್ವಾನುಮತದಿಂದ ಹೋದ ಬೆರಳು

ಬೈಕುಲ್ಲಾ ಫೋಟೋ ಚೌಕಟ್ಟು ಕೆಲಸಗಾರರ ಸಹಕಾರಿ ಸಂಘಕ್ಕೆ ಮೂಲೆ ಕೊಯ್ಯುವ ಮೈಟರ್ ಮಶೀನು ಬಂದಂದಿನಿಂದ ಇಂದಿನವರೆಗೆ ಒಂದೇ ಒಂದು ಬೆರಳು ಹೋಗಿದೆ. ಅದೂ ಯಂತ್ರಕ್ಕೆ ಸಿಕ್ಕು ಹೋದದ್ದಲ್ಲ, ಆಡಳಿತ ಮಂಡಳಿಯ ಸಭೆಯಲ್ಲಿ ಸರ್ವಾನುಮತದಿಂದ ಹೋದದ್ದು. ಬೆರಳಿನ ಮಾಲೀಕನಾದ ಶೆಟ್ಟೆಪ್ಪನು ಆ ಸಭೆಯಲ್ಲಿ ಖುದ್ದು ಹಾಜರಿದ್ದು ಒಪ್ಪಿಗೆ ಕೊಟ್ಟಿದ್ದಾನೆ. ಈ ಬಗ್ಗೆ ಹೊರಗಿನವರು ಏನೇನೋ ಆಡಿಕೊಳ್ಳುತ್ತಿರುವುದರಿಂದ, ಸಂಘದ ಕಾರ್ಯದರ್ಶಿಯಾದ ನಾನು ನಡೆದದ್ದನ್ನು ನಡೆದಂತೆ ತಿಳಿಸಬೇಕಾಗಿದೆ.

ನಮ್ಮ ಸಂಘ ಇರುವುದು ಮುಂಬಯಿಯ ಬೈಕುಲ್ಲಾ ಸ್ಟೇಶನ್ನಿನಿಂದ ಕೂಗಳತೆಯಲ್ಲಿ, ಒಂದು ಹಳೆಯ ಚಾಳಿನ ಕೆಳಗಿನ ಗಾಳಾದಲ್ಲಿ, ಅಂದರೆ ಕೆಲಸದ ಮಳಿಗೆಯಲ್ಲಿ. ಸದಸ್ಯರೆಲ್ಲ ಬಿಜಾಪುರ, ಗುಲ್ಬರ್ಗಾ ಕಡೆಯವರು. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಇವಕ್ಕೆಲ್ಲ ಕಟ್ಟಿಗೆಯ ಚೌಕಟ್ಟು ಹಾಕುವುದು ನಮ್ಮ ಉದ್ಯೋಗ. ಮಶೀನು ಬರುವ ಮೊದಲು ಪಟ್ಟಿಗಳ ತುದಿಯನ್ನು ಕೈಗರಗಸದಿಂದ ಓರೆಯಾಗಿ ಕೊಯ್ಯುತ್ತಿದ್ದೆವು. ನಾಲ್ಕು ಪಟ್ಟಿ ಕೂಡಿಸಿದರೆ ಮೂರು ಮೂಲೆ ಕೂಡುತ್ತಿದ್ದವು, ನಾಲ್ಕನೆಯದು ಬಾಯಿ ಬಿಡುತ್ತಿತ್ತು. ಆ ಬಾಯಿಗೆ ಕಟ್ಟಿಗೆಯ ಹುಡಿ ಮತ್ತು ಅಂಟು ಕಲಸಿ ತುಂಬಿ, ಮೇಲೆ ಪಾಲಿಶ್ ಎಳೆದು ಗಿರಾಕಿಗೆ ಕೊಡುವುದು ಸಂಘದ ಸಂಪ್ರದಾಯವಾಗಿತ್ತು. ಮಳೆಗಾಲದಲ್ಲಿ ಅಂಟು ಉಬ್ಬಿ ಹೊರಗೆ ಬಂದಾಗ ಗಿರಾಕಿಗಳು ತಮ್ಮ ಅಜ್ಜನ ಫೋಟೋ ಎತ್ತಿಕೊಂಡು ಜಗಳಕ್ಕೆ ಬರುತ್ತಿದ್ದರು.

ಎಪ್ಪತ್ತೆರಡನೆಯ ಇಸವಿಯಲ್ಲಿ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಸಾಮಾನುಗಳ ಹರಾಜು ನಡೆಯಿತು. ನಮ್ಮ ಚೇರಮನ್ ಬಸವಂತರಾಯರು ಅಲ್ಲಿಗೆ ಹೋದದ್ದು ಕುರ್ಚಿ ತರಲು. ಕುರ್ಚಿ ಬೇರೆಯವರ ಪಾಲಾಯಿತು, ಇವರ ಪಾಲಿಗೆ ಮೈಟರ್ ಮಶೀನು ಬಂತು. ಕಬ್ಬಿಣದ ಪೀಠ, ಅದರ ಮೇಲೆ ಕರೆಂಟಿನಿಂದ ತಿರುಗುವ ದುಂಡು ಗರಗಸ, ಗರಗಸವನ್ನು ಬೇಕಾದ ಕೋನಕ್ಕೆ ತಿರುಗಿಸಿ ಬಿಗಿ ಮಾಡುವ ಒಂದು ಹಿಡಿಕೆ. ಪಟ್ಟಿಯನ್ನು ಇಟ್ಟು ಹಿಡಿಕೆ ಕೆಳಗೆ ಒತ್ತಿದರೆ ಮೂಲೆ ಸಿದ್ಧ. ಬಸವಂತರಾಯರು ಹಿಂದೆ ಗಿರಣಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವರು. ತಾವು ಕುರ್ಚಿ ತರಲು ಹೋಗಿದ್ದನ್ನು ಅವರು ಎಂದೂ ಎಲ್ಲಿಯೂ ಹೇಳಲಿಲ್ಲ. ಸಂಘದ ಆಧುನೀಕರಣ ತಮ್ಮ ಹಳೆಯ ಕನಸು ಎಂದರು.

ದಸರೆಯಲ್ಲಿ ಖಂಡೆಪೂಜೆಯ ದಿನ ಮಶೀನಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಗರಗಸದ ಹಲ್ಲಿಗೆ ಒಂದು ನಿಂಬೆಹಣ್ಣು ಸಿಕ್ಕಿಸಲಾಯಿತು. ಚಾಲೂ ಮಾಡುವ ಮೊದಲು ಆ ನಿಂಬೆಹಣ್ಣನ್ನು ತೆಗೆಯಬಹುದೇ, ತೆಗೆದರೆ ಪೂಜೆಯ ಫಲ ಉಳಿಯುವುದೇ ಎಂದು ಮಂಡಳಿಯಲ್ಲಿ ಗಂಭೀರ ಚರ್ಚೆ ನಡೆಯಿತು. ಚರ್ಚೆ ಇನ್ನೂ ಅರ್ಧದಲ್ಲಿರುವಾಗಲೇ ಶೆಟ್ಟೆಪ್ಪ ಎದ್ದು ಹೋಗಿ ನಿಂಬೆಹಣ್ಣು ಕಿತ್ತು ಕಿಸೆಗೆ ಹಾಕಿಕೊಂಡ. ಇದು ಅವನ ಮೊದಲನೆಯ ಅಶಿಸ್ತು.

ಎರಡನೆಯ ಅಶಿಸ್ತು ಇನ್ನೂ ದೊಡ್ಡದು. ಶೆಟ್ಟೆಪ್ಪ ಯಾರನ್ನೂ ಕೇಳದೆ ಮಶೀನು ಕೂಡಿಸಿಬಿಟ್ಟ. ದಪ್ಪ ಹಲಗೆಯ ಮೇಜು ಮಾಡಿ, ಅದರ ಮೇಲೆ ತಾಟಿನಲ್ಲಿ ನೀರಿಟ್ಟು ಮಟ್ಟ ನೋಡಿದ. ಪೀಠವನ್ನು ಬೋಲ್ಟು ಹಾಕಿ ಅಲುಗಾಡದಂತೆ ಬಿಗಿದ. ಪ್ಲಗ್ ತೆಗೆದಿಟ್ಟು, ಗರಗಸಕ್ಕೂ ಹಿಂದಿನ ಆಸರೆಪಟ್ಟಿಗೂ ನಡುವೆ ಮೂಲೆಮಟ್ಟ ಹಿಡಿದು ನೆಟ್ಟಗೆ ಮಾಡಿದ. ಉದ್ದ ಪಟ್ಟಿಯ ತುದಿ ಜೋತು ಬೀಳಬಾರದೆಂದು ಎರಡೂ ಕಡೆ ಅದೇ ಎತ್ತರದ ಸ್ಟೂಲು ಇಟ್ಟ. ಕೊನೆಗೆ ಗರಗಸವನ್ನು ಅರ್ಧ ಮೂಲೆಗೆ, ಅಂದರೆ ನಲವತ್ತೈದು ಡಿಗ್ರಿಗೆ ತಿರುಗಿಸಿ, ಹಳೆಯ ತುಂಡುಗಳನ್ನು ಕೊಯ್ದು ಕೂಡಿಸಿ ತೋರಿಸಿದ. ನಾಲ್ಕೂ ಮೂಲೆ ಕೂಡಿದ್ದವು. ಅಂಟು ಕಲಸಿಟ್ಟುಕೊಂಡು ಕಾಯುತ್ತಿದ್ದ ಸದಸ್ಯರಿಗೆ ಕೆಲಸವಿಲ್ಲದಂತಾಯಿತು.

ಬಸವಂತರಾಯರಿಗೆ ನೋವಾಯಿತು. ಇಷ್ಟು ದೊಡ್ಡ ಯಂತ್ರ ಒಂದು ಉಪಸಮಿತಿಯೂ ಇಲ್ಲದೆ ಚಾಲೂ ಆಗುವುದು ಸಂಘಕ್ಕೆ ಶೋಭೆಯಲ್ಲ ಎಂದು ಅವರು ನನ್ನೊಡನೆ ಹೇಳಿಕೊಂಡರು. ಕೂಡಲೇ ಮಶೀನಿನ ಮೇಲೆ ಒಂದು ಚಾದರ ಹೊದಿಸಿ, ಚಾಲಕನ ಹುದ್ದೆಯನ್ನು ವಿಧಿವತ್ತಾಗಿ ತುಂಬಬೇಕೆಂದು ಠರಾವು ಮಾಡಲಾಯಿತು. ಚಾಲಕನಾದವನಿಗೆ ಗಾಳಾದ ಹಿಂದೆ ಕಟ್ಟಿಗೆ ಒಟ್ಟಿದ್ದ ಖೋಲಿಯನ್ನು ಖಾಲಿ ಮಾಡಿಸಿ, ಸಂಸಾರ ಸಮೇತ ಇರಲು ಕೊಡತಕ್ಕದ್ದು ಎಂದೂ ಅದರಲ್ಲಿ ಸೇರಿಸಿದೆವು.

ಶೆಟ್ಟೆಪ್ಪನಿಗೆ ಬೇಕಾಗಿದ್ದದ್ದು ಆ ಖೋಲಿ. ಅವನ ಹೆಂಡತಿ ಮಲ್ಲಕ್ಕ ಇಂಡಿ ತಾಲೂಕಿನ ಊರಲ್ಲಿದ್ದಳು. ಮದುವೆಯಾದ ಮರುವರ್ಷವೇ ಅವನು ಮುಂಬಯಿಗೆ ಬಂದಿದ್ದ. ಅಂದಿನಿಂದ ಗಾಳಾದಲ್ಲೇ ಬೇರೆ ಕೆಲಸಗಾರರ ನಡುವೆ, ಕಟ್ಟಿಗೆಯ ಹುಡಿಯ ಮೇಲೆ ಚಾಪೆ ಹಾಕಿ ಮಲಗುತ್ತಿದ್ದ. ಸುಗ್ಗಿಗೊಮ್ಮೆ ಊರಿಗೆ ಹೋದಾಗ ಮಾತ್ರ ಅವರು ಗಂಡ ಹೆಂಡತಿ. ಊರಿಂದ ಬರುವವರ ಕೈಯಲ್ಲಿ ಮಲ್ಲಕ್ಕ ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಕಳಿಸುತ್ತಿದ್ದಳು, ಅದನ್ನು ಅವನು ಯಾರಿಗೂ ಕೊಡದೆ ತಿನ್ನುತ್ತಿದ್ದ. ನನಗೆ ಇದು ಗೊತ್ತಿತ್ತು, ಮನಸ್ಸಿಗೆ ಬೇಸರವೂ ಆಗುತ್ತಿತ್ತು. ಆದರೆ ಕಾರ್ಯದರ್ಶಿಯಾದವನು ಬೇಸರದ ಆಧಾರದ ಮೇಲೆ ಖೋಲಿ ಕೊಡಲು ಬರುವುದಿಲ್ಲ.

ಹುದ್ದೆಗೆ ಅರ್ಹತೆಯೇನು ಎಂಬ ಪ್ರಶ್ನೆ ಬಂತು. ಅನುಭವ ಎಂದು ಎಲ್ಲರೂ ಒಪ್ಪಿದರು. ಅನುಭವವನ್ನು ಅಳೆಯುವುದು ಹೇಗೆಂದು ಕೇಳಿದಾಗ ಬಸವಂತರಾಯರು ಬೈಕುಲ್ಲಾದ ಹಳೆಯ ಪದ್ಧತಿಯನ್ನು ನೆನಪಿಸಿದರು. ನಮ್ಮ ಕಸಬಿನಲ್ಲಿ ಉಸ್ತಾದನೆನಿಸಿಕೊಂಡವನ ಕೈಯಲ್ಲಿ ಬೆರಳುಗಳು ಪೂರ್ತಿ ಇರುವುದಿಲ್ಲ. ಇಬ್ಬರು ಹಳೆಯ ಬಡಗಿಗಳು ಭೇಟಿಯಾದರೆ ಮೊದಲು ಒಬ್ಬರ ಕೈ ಒಬ್ಬರು ನೋಡುತ್ತಾರೆ, ಯಾರಿಗೆ ಕಡಿಮೆ ಬೆರಳೋ ಅವರು ಮೊದಲು ಕೂರುತ್ತಾರೆ. ಆದ್ದರಿಂದ ಮೈಟರ್ ಮಶೀನಿಗೆ ಸಂಬಂಧಿಸಿದ ಯಾವುದೇ ಹುದ್ದೆಗೆ ಕನಿಷ್ಠ ಒಂದು ಬೆರಳಾದರೂ ಕಳೆದುಕೊಂಡ ಅನುಭವ ಅವಶ್ಯ ಎಂದು ನಿಯಮವಾಯಿತು. ನಿಯಮ ತಿದ್ದಬೇಕಾದರೆ ವಾರ್ಷಿಕ ಸಭೆಯೇ ಆಗಬೇಕು ಎಂದೂ ಕೆಳಗೆ ಸೇರಿಸಲಾಯಿತು.

ಇದರಂತೆ ಮೊದಲು ಸುರಕ್ಷತಾ ಅಧಿಕಾರಿಯ ನೇಮಕವಾಯಿತು. ನಮ್ಮ ಪಾಲಿಶ್ ಕೆಲಸದ ಅಲ್ಲಾವುದ್ದೀನನ ಎಡಗೈಯಲ್ಲಿ ಎರಡು ಬೆರಳು ಇಲ್ಲ. ಆತ ಪ್ರಾಮಾಣಿಕ ಮನುಷ್ಯ. ನೇಮಕದ ಮಾತು ಎತ್ತುತ್ತಲೇ ತಾನಾಗಿ ಹೇಳಿಬಿಟ್ಟ.

“ನನ್ನ ಬೆರಳು ಗರಗಸಕ್ಕ ಹೋಗಿಲ್ರೀ ಸಾಹೇಬ್ರ. ಸಣ್ಣಾಂವ ಇದ್ದಾಗ ಗೋಲಿ ಸೋಡಾದ ಬಾಟ್ಲಿ ಒಡದು ಹೋಗ್ಯಾವ್ರಿ.”

ಕಾರಣ ಮುಖ್ಯವಲ್ಲ, ಫಲಿತಾಂಶ ಮುಖ್ಯ ಎಂದು ಮಂಡಳಿ ಅಭಿಪ್ರಾಯಪಟ್ಟಿತು. ಅಲ್ಲಾವುದ್ದೀನ ಅಧಿಕಾರ ವಹಿಸಿಕೊಂಡ ದಿನವೇ ಗಾಳಾದ ಸುತ್ತ ಗೋಲಿ ಸೋಡಾ ಮಾರುವುದನ್ನು ನಿಷೇಧಿಸಿದ. ಆಮೇಲೆ ಶೆಟ್ಟೆಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಶೀನಿನ ಬಗ್ಗೆ ವಿಚಾರಿಸಿ, ಗೋಡೆಗೆ ಈ ಪ್ರಕಟಣೆ ಬರೆಸಿದ.

“ಮಶೀನಿನ ಮುಂದೆ ಧೋತರದ ಚುಂಗು, ಸಡಿಲ ತೋಳು, ಕೊರಳಲ್ಲಿಯ ಟವೆಲು ವರ್ಜ್ಯ. ಕಣ್ಣಿಗೆ ಚಾಳೀಸು ಹಾಕಿಕೊಳ್ಳತಕ್ಕದ್ದು. ಪಟ್ಟಿಯನ್ನು ಹಿಂದಿನ ಆಸರೆಗೆ ಒತ್ತಿ ಹಿಡಿಯತಕ್ಕದ್ದು, ಹಿಡಿದ ಕೈ ಗರಗಸದಿಂದ ಗೇಣು ದೂರ ಇರತಕ್ಕದ್ದು, ಕೈ ಮೇಲೆ ಕೈ ಹಾಯಿಸಬಾರದು. ಗರಗಸ ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸತಕ್ಕದ್ದು, ಕೊಯ್ದಾದ ಮೇಲೆ ಪೂರ್ತಿ ನಿಲ್ಲುವತನಕ ಎತ್ತಬಾರದು. ಗರಗಸದ ಚಕ್ರ ಬದಲಿಸುವ ಮುಂಚೆ ಪ್ಲಗ್ ಕೀಳತಕ್ಕದ್ದು. ಚೇರಮನ್ನರು ಬಂದಾಗ ಎರಡೂ ಕೈ ಜೋಡಿಸಿ ನಮಸ್ಕರಿಸತಕ್ಕದ್ದು.”

ಕೊನೆಯ ವಾಕ್ಯ ಬಸವಂತರಾಯರು ಸೇರಿಸಿದ್ದು. ಗರಗಸ ತಿರುಗುತ್ತಿರುವಾಗ ಎರಡೂ ಕೈ ಬಿಟ್ಟರೆ ಹೇಗೆಂದು ಅಲ್ಲಾವುದ್ದೀನ ಕೇಳಿದ. ಅಂಥ ಪ್ರಸಂಗದಲ್ಲಿ ನಮಸ್ಕಾರವನ್ನು ಮನಸ್ಸಿನಲ್ಲೇ ಮಾಡಿ, ಗರಗಸ ನಿಂತ ಮೇಲೆ ಕೈಯಿಂದ ಖಾಯಂ ಮಾಡತಕ್ಕದ್ದು ಎಂದು ತಿದ್ದುಪಡಿಯಾಯಿತು.

ಇನ್ನು ಚಾಲಕನ ಸಂದರ್ಶನ. ಶೆಟ್ಟೆಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು ನಿಂತ. ಬಸವಂತರಾಯರು ಕೈ ತೋರಿಸೆಂದರು. ಅವನು ಎರಡೂ ಕೈ ಚಾಚಿದ. ಚೇರಮನ್ನರು ಚಾಳೀಸು ಏರಿಸಿಕೊಂಡು ಒಂದೊಂದಾಗಿ ನೋಡಿದರು, ಮುಖ ಸಣ್ಣದು ಮಾಡಿದರು.

“ಹತ್ತೂ ಅದಾವಲ್ಲೋ ಶೆಟ್ಟೆಪ್ಪಾ. ಇಷ್ಟ ವರ್ಷ ನೀ ಮಾಡಿದ್ದರ ಏನು?”

“ಕಟ್ಟಿಗಿ ಕೊಯ್ದೀನ್ರಿ,” ಎಂದ ಶೆಟ್ಟೆಪ್ಪ.

ಇದಕ್ಕೆ ಪುರಾವೆಯಿಲ್ಲವೆಂದು ಅವನನ್ನು ತಿರಸ್ಕರಿಸಲಾಯಿತು. ಹೊರಗಿನ ಉಸ್ತಾದರಿಗೆ ಕರೆ ಹೋಯಿತು. ಡೊಂಗ್ರಿಯಿಂದ, ಕುರ್ಲಾದಿಂದ ಬಹಳ ಅರ್ಹರಾದವರು ಬಂದರು. ಒಬ್ಬರಂತೂ ಇಷ್ಟು ಅರ್ಹರಿದ್ದರೆಂದರೆ ಅವರಿಗೆ ಚಹಾದ ಕಪ್ಪನ್ನು ನಾವೇ ಹಿಡಿದು ಕುಡಿಸಬೇಕಾಯಿತು. ಆದರೆ ಚಾದರ ಸರಿಸಿ ಮಶೀನು ಚಾಲೂ ಮಾಡಿದಾಗ ಅದರ ಸದ್ದು ಕೇಳಿ, ಎಲ್ಲರೂ ತಮ್ಮ ಅನುಭವದ ಬಲದಿಂದಲೇ ಎದ್ದು ಹೊರಟುಹೋದರು.

ಹೀಗೆ ಮಶೀನು ಚಾದರದ ಕೆಳಗೆ ಸುರಕ್ಷಿತವಾಗಿ ಉಳಿಯಿತು. ಒಂದೂ ಅಪಘಾತ ಆಗಲಿಲ್ಲವೆಂದು ಅಲ್ಲಾವುದ್ದೀನನಿಗೆ ಶಾಲು ಹೊದಿಸಿದೆವು. ವರ್ಷ ತಿರುಗಿ ಮಳೆಗಾಲ ಮುಗಿಯುವಷ್ಟರಲ್ಲಿ ವಿಲೆ ಪಾರ್ಲೆಯಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲೊಂದು ತನ್ನ ಖೋಲಿ ಖೋಲಿಗೂ ತಾಜಮಹಲಿನ ಚಿತ್ರ ತೂಗುಹಾಕಲು ಚೌಕಟ್ಟು ಬೇಕೆಂದು ಕೇಳಿತು. ಮೂಲೆ ಬಾಯಿ ಬಿಟ್ಟಿರಬಾರದು, ದೀಪಾವಳಿಯೊಳಗೆ ಕೊಡಬೇಕು, ಆಗದಿದ್ದರೆ ಬೇರೆಯವರಿದ್ದಾರೆ ಎಂದು ಅವರ ಮ್ಯಾನೇಜರು ನಿಂತ ನಿಲುವಿನಲ್ಲೇ ಹೇಳಿ ಹೋದ. ಮಂಡಳಿ ತುರ್ತಾಗಿ ಸೇರಿತು.

ಸಮಸ್ಯೆ ಸ್ಪಷ್ಟವಾಗಿತ್ತು. ಮಶೀನು ನಡೆಸಲು ಬರುವವನು ಶೆಟ್ಟೆಪ್ಪನೊಬ್ಬನೇ, ಅವನು ಅನರ್ಹ. ವಾರ್ಷಿಕ ಸಭೆ ಆಗಷ್ಟೇ ಮುಗಿದಿದ್ದರಿಂದ ನಿಯಮ ಬದಲಿಸುವಂತಿಲ್ಲ. ಬದಲಿಸಬಹುದಾದದ್ದು ಬೆರಳೊಂದೇ. ಸಂಘವು ಯಾರ ಮೇಲೂ ಒತ್ತಾಯ ಹೇರುವುದಿಲ್ಲ, ಆದರೆ ಸ್ವಯಂಸ್ಫೂರ್ತಿಗೆ ಅಡ್ಡಿಯೂ ಬರುವುದಿಲ್ಲ ಎಂದು ಬಸವಂತರಾಯರು ಮೆಲ್ಲಗೆ ಹೇಳಿ, ಶೆಟ್ಟೆಪ್ಪನಿಗೆ ಖೋಲಿಯ ಕೀಲಿಕೈಯನ್ನು ದೂರದಿಂದ ತೋರಿಸಿದರು.

ಶೆಟ್ಟೆಪ್ಪ ಕೀಲಿಕೈಯನ್ನು ನೋಡಿದ. ತನ್ನ ಕೈಯನ್ನೂ ನೋಡಿಕೊಂಡ.

“ಆಗೂದಿಲ್ರೀ,” ಎಂದ ಕೊನೆಗೆ. “ಮಲ್ಲಕ್ಕ ಪ್ರತಿ ಸಲ ಹತ್ತೂ ಬೆರಳು ಎಣಿಸಿ ಕಳಸ್ತಾಳ್ರಿ. ಹೋದಾಗ ಮತ್ತ ಎಣಿಸಿ ತಗೋತಾಳ. ಒಂದು ಕಮ್ಮಿ ಬಿದ್ರ ನಾ ಏನ ಹೇಳ್ಲಿ?”

ಆಗ ನನಗೆ ಒಂದು ವಿಚಾರ ಹೊಳೆಯಿತು. ಆಡಳಿತದಲ್ಲಿ ಇಲ್ಲದ್ದನ್ನು ಇದೆಯೆಂದೂ ಇದ್ದದ್ದನ್ನು ಇಲ್ಲವೆಂದೂ ನಾವು ದಿನಾಲು ಭಾವಿಸುತ್ತೇವೆ. ಸಭೆಗೆ ಬಾರದವರನ್ನು ಹಾಜರಿದ್ದರೆಂದು ಭಾವಿಸುತ್ತೇವೆ. ಹಾಗಿರುವಾಗ ಒಂದು ಬೆರಳಿಗೇಕೆ ಅನ್ಯಾಯ ಮಾಡಬೇಕು? ಶೆಟ್ಟೆಪ್ಪನ ಒಂದು ಬೆರಳು, ಕೆಲಸದ ವೇಳೆಯ ಮಟ್ಟಿಗೆ, ಹೋಗಿದೆಯೆಂದು ಭಾವಿಸತಕ್ಕದ್ದು ಎಂಬ ಠರಾವನ್ನು ನಾನು ಮಂಡಿಸಿದೆ. ಬಸವಂತರಾಯರು ಎದ್ದು ಬಂದು ನನ್ನ ಬೆನ್ನು ತಟ್ಟಿದರು.

ಯಾವ ಬೆರಳು ಎಂಬುದಕ್ಕೆ ಸ್ವಲ್ಪ ಚರ್ಚೆಯಾಯಿತು. ಹೆಬ್ಬೆರಳು ಬೇಡ, ಅದು ಅಂಗೂಠಾ ಒತ್ತಲು ಬೇಕು. ತೋರುಬೆರಳಿಗೆ ಮತದಾನದ ಶಾಯಿ ಹಚ್ಚುತ್ತಾರೆ, ಅದು ಸರ್ಕಾರದ ವ್ಯವಹಾರ. ಕಿರುಬೆರಳು ಹೋದರೆ ಅದನ್ನು ಅನುಭವವೆನ್ನಲು ನಾಚಿಕೆ. ನಡುಬೆರಳು ಎಲ್ಲಕ್ಕೂ ಹಿರಿದು, ಹಿರಿಯರನ್ನು ತೆಗೆಯುವುದು ಚೇರಮನ್ನರಿಗೆ ಸರಿಬರಲಿಲ್ಲ. ಕೊನೆಗೆ ಬಲಗೈಯ ಉಂಗುರಬೆರಳು ಸರ್ವಾನುಮತದಿಂದ ಹೋಯಿತು. ಒಪ್ಪಿಗೆಯಿದ್ದವರು ಕೈ ಎತ್ತಬೇಕೆಂದಾಗ ಶೆಟ್ಟೆಪ್ಪನೂ ಅದೇ ಕೈ ಎತ್ತಿದ. ಮೃತ ಬೆರಳಿನ ಗೌರವಾರ್ಥ ಎಲ್ಲರೂ ಕೆಲಕಾಲ ಮೌನವಾಗಿ ನಿಂತೆವು.

ಹೋದ ಬೆರಳು ಕೆಲಸದ ವೇಳೆಯಲ್ಲಿ ಕಣ್ಣಿಗೆ ಬೀಳಬಾರದೆಂದು ಅದನ್ನು ಮಡಿಚಿ ಅರಿವೆ ಸುತ್ತಬೇಕೆಂದಾಯಿತು. ಅರಿವೆಯ ತುದಿ ಗರಗಸಕ್ಕೆ ಸಿಕ್ಕರೆ ಭಾವಿಸಿದ ಬೆರಳಿನ ಜೊತೆ ನಿಜವಾದ ಕೈಯೂ ಹೋದೀತು ಎಂದು ಅಲ್ಲಾವುದ್ದೀನ ತಕರಾರು ಮಾಡಿದ. ಅವನು ಅಧಿಕಾರಿಯಾದ ಮೇಲೆ ಹೇಳಿದ ಅತ್ಯಂತ ಉಪಯುಕ್ತ ಮಾತು ಇದು. ಅರಿವೆಯ ಬದಲು ಸೈಕಲ್ ಟ್ಯೂಬಿನ ತುಂಡನ್ನು ಬಿಗಿಯಾಗಿ ಏರಿಸಲು ಅವನೇ ಸೂಚಿಸಿದ.

ಶೆಟ್ಟೆಪ್ಪ ಉಳಿದ ಬೆರಳುಗಳಿಂದ ಹಿಡಿಕೆ ಹಿಡಿದು ಕೆಲಸ ಶುರು ಮಾಡಿದ. ಪಟ್ಟಿ ಆಸರೆಗೆ ಒತ್ತುವನು, ಎಡಗೈ ಗೇಣು ದೂರ, ಗರಗಸ ಪೂರ್ತಿ ಕೂಗಿದ ಮೇಲೆ ಇಳಿಸುವನು, ನಿಂತ ಮೇಲೆ ಎತ್ತುವನು. ನಡುವೆ ಚೇರಮನ್ನರು ಬಂದರೆ ಮನಸ್ಸಿನಲ್ಲಿ ನಮಸ್ಕರಿಸುವನು. ಹೋಟೆಲಿನ ಚೌಕಟ್ಟುಗಳೆಲ್ಲ ದೀಪಾವಳಿಗೆ ಮುಂಚೆಯೇ ವಿಲೆ ಪಾರ್ಲೆಗೆ ಲೋಕಲ್‌ನ ಸಾಮಾನು ಡಬ್ಬಿಯಲ್ಲಿ ಹೋದವು. ಮೂಲೆಗಳನ್ನು ನೋಡಿ ಮ್ಯಾನೇಜರು ಕೂತು ಚಹಾ ಕುಡಿಸಿದ. ಆದರೂ ಖೋಲಿಯ ಕೀಲಿಕೈ ಬಸವಂತರಾಯರ ಕಿಸೆಯಲ್ಲೇ ಇತ್ತು. ಬೆರಳು ಹೊಸದಾಗಿ ಹೋದದ್ದು, ಅದು ಖಾಯಂ ಆಗಿ ಹೋಗಿದೆಯೋ ಇಲ್ಲವೋ ಕೆಲದಿನ ನೋಡಬೇಕು ಎಂಬುದು ಅವರ ನಿಲುವು.

ಆ ಅನುಮಾನಕ್ಕೆ ಆಧಾರವೂ ಸಿಕ್ಕಿತು. ಒಂದು ಸೋಮವಾರ ಬಸವಂತರಾಯರು ಬೆಳಿಗ್ಗೆ ಬೇಗ ಬಂದರು. ಅವರ ಹಣೆಯ ಮೇಲೆ ಎಂದಿನಂತೆ ಮೂರು ಗೆರೆ ವಿಭೂತಿ. ಶೆಟ್ಟೆಪ್ಪನ ಹಣೆಯ ಮೇಲೂ ಮೂರು ಗೆರೆ. ವಿಭೂತಿ ಎಳೆಯುವುದು ಬಲಗೈಯ ನಡುವಿನ ಮೂರು ಬೆರಳುಗಳಿಂದ. ಅದರಲ್ಲಿ ಒಂದು ಸಭೆಯಲ್ಲಿ ಹೋಗಿದೆ. ಹಾಗಾದರೆ ಮೂರನೆಯ ಗೆರೆ ಎಲ್ಲಿಂದ ಬಂತು? ಗೆರೆ ಕೆಲಸದ ವೇಳೆಯಲ್ಲೂ ಹಣೆಯ ಮೇಲೆ ಇತ್ತಾದ್ದರಿಂದ, ಹೋದ ಬೆರಳನ್ನು ಸಂಘದ ಆವರಣದಲ್ಲಿ ಬಳಸಿದ ಆರೋಪದ ಮೇಲೆ ಶೆಟ್ಟೆಪ್ಪನಿಗೆ ಕಾರಣ ಕೇಳಲಾಯಿತು. ಆರೋಪ ಸಾಬೀತಾದರೆ ಬೆರಳು ವಾಪಸು, ಹುದ್ದೆ ರದ್ದು, ಖೋಲಿ ಇಲ್ಲ.

ಮಂಡಳಿಯ ಮುಂದೆ ಶೆಟ್ಟೆಪ್ಪ ಟ್ಯೂಬಿನ ಬೆರಳು ಮಡಿಚಿಕೊಂಡು ನಿಂತ. ಅಲ್ಲಾವುದ್ದೀನ ಗೋಡೆಯ ಪ್ರಕಟಣೆಯ ಕಡೆ ಮುಖ ಮಾಡಿ ಕೂತಿದ್ದ, ಅವನಿಗೆ ಈ ವಿಚಾರಣೆ ಇಷ್ಟವಿರಲಿಲ್ಲ.

“ಎರಡ ಗೆರಿ ನಾನ ಎಳಕೋತೀನ್ರಿ,” ಎಂದ ಶೆಟ್ಟೆಪ್ಪ. “ಮೂರನೇದಕ್ಕ ಬೆರಳಿಲ್ಲ. ದಿನಾ ಮುಂಜಾನೆ ಅಲ್ಲಾವುದ್ದೀನ ಅಣ್ಣಗ ಕೇಳಿ ಎಳಿಸ್ಕೋತೀನಿ. ಅಂವಗೂ ಕೆಲಸ ಇರತಾವು. ಇಂಥಾದ್ದನ್ನ ಮಾಡಾಕ ಮನ್ಯಾಗ ಒಬ್ರು ಇರಬೇಕ್ರೀ.”

ಎಲ್ಲರೂ ಅಲ್ಲಾವುದ್ದೀನನ ಕಡೆ ನೋಡಿದರು. ಆತ ಪ್ರಾಮಾಣಿಕ ಮನುಷ್ಯ ಎಂದು ಹಿಂದೆಯೇ ಹೇಳಿದ್ದೇನೆ. ಅವನು ತನ್ನ ಬಲಗೈಯನ್ನು ಮೇಜಿನ ಮೇಲೆ ಇಟ್ಟ. ಉಂಗುರಬೆರಳಿನ ತುದಿ ಬೆಳ್ಳಗಿತ್ತು. ಅದು ವಿಭೂತಿಯೋ, ಪಾಲಿಶ್‌ಗೆ ಮುಂಚೆ ಹಚ್ಚುವ ಸೀಮೆಸುಣ್ಣದ ಪುಡಿಯೋ ಎಂದು ಪರೀಕ್ಷಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಬಸವಂತರಾಯರಿಗೆ ಕಣ್ಣು ತುಂಬಿ ಬಂತು. ಸಂಘಕ್ಕಾಗಿ ಬೆರಳು ಕೊಟ್ಟ ಸದಸ್ಯನು ಹಣೆಯ ಗೆರೆಗೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದು ಇಡೀ ಮಂಡಳಿಗೆ ಕುಂದು ಎಂದರು. ಸುರಕ್ಷತಾ ಅಧಿಕಾರಿಯ ಅಮೂಲ್ಯ ವೇಳೆ ಇದರಲ್ಲಿ ಹಾಳಾಗುವುದೂ ಅಪಾಯ. ಆದ್ದರಿಂದ ಚಾಲಕನ ಮೂರನೆಯ ಗೆರೆಯ ಸಲುವಾಗಿ ಆತನ ಧರ್ಮಪತ್ನಿಯನ್ನು ಕೂಡಲೇ ಊರಿಂದ ಕರೆಸಿಕೊಳ್ಳತಕ್ಕದ್ದು, ಅವಳ ವಾಸಕ್ಕೆ ಖೋಲಿ ಒದಗಿಸತಕ್ಕದ್ದು ಎಂದು ಠರಾವಾಯಿತು. ಶೆಟ್ಟೆಪ್ಪ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಟ್ಯೂಬಿನೊಳಗಿನ ಬೆರಳೂ ಅದನ್ನು ಹಿಡಿದದ್ದನ್ನು ನಾನು ಕಂಡೆ, ಆದರೆ ಅದು ಇಲ್ಲದ ಬೆರಳಾದ್ದರಿಂದ ವರದಿ ಮಾಡಲಿಲ್ಲ.

ಮಲ್ಲಕ್ಕ ಬಂದ ದಿನ ಸಂಘದ ಪರವಾಗಿ ನಾನೂ ದಾದರ ಸ್ಟೇಶನ್ನಿಗೆ ಹೋಗಿದ್ದೆ. ಗಾಡಿಯಿಂದ ಇಳಿದವಳು ತಲೆಯ ಮೇಲಿನ ಗಂಟು ಕೆಳಗಿಟ್ಟು, ಮೊದಲು ಗಂಡನ ಕೈ ಹಿಡಿದು ಎಣಿಸಿದಳು. ಟ್ಯೂಬಿನ ಹತ್ತಿರ ಬಂದು ನಿಂತಳು. ಆಗ ಕೆಲಸದ ವೇಳೆ ಅಲ್ಲವಾದ್ದರಿಂದ ಶೆಟ್ಟೆಪ್ಪ ಟ್ಯೂಬು ಕಳಚಿದ. ಅವಳು ಆ ಬೆರಳನ್ನು ಎರಡು ಸಲ ಹಿಚುಕಿ ನೋಡಿ, ಮುಂದಿನ ಎಣಿಕೆ ಮುಗಿಸಿದಳು. ಪ್ಲಾಟ್‌ಫಾರ್ಮಿನ ಮೇಲೆಯೇ ನಾನು ಠರಾವಿನ ಹಿನ್ನೆಲೆಯನ್ನು ವಿವರಿಸಿದೆ. ಹೆಂಗಸು ಗಾಬರಿಯಾದಾಳೆಂದು ನನಗೆ ಹೆದರಿಕೆಯಿತ್ತು. ಅವಳು ಸೆರಗು ಸರಿ ಮಾಡಿಕೊಂಡಳು.

“ಊರಾಗ ನಮ್ಮ ಹೊಲಾನೂ ಹಿಂಗ ಐತ್ರೀ ಯಪ್ಪಾ. ಊರ ಲೆಕ್ಕದ ತಲಾಟಿ ಕಾಗದದಾಗ ಇಲ್ಲ. ವರ್ಷಾ ಜ್ವಾಳಾ ಮಾತ್ರ ಬರತೈತಿ.”

ಇಷ್ಟು ಬೇಗ ನಿಯಮ ತಿಳಿದುಕೊಂಡ ಸದಸ್ಯರನ್ನು ನಾನು ಮಂಡಳಿಯಲ್ಲೂ ಕಂಡಿಲ್ಲ. ಅಂದು ಸಂಜೆ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಗಾಳಾದವರೆಗೂ ಕೇಳಿತು. ಶೆಟ್ಟೆಪ್ಪ ಎಲ್ಲರಿಗೂ ಶೇಂಗಾ ಹಿಂಡಿ ಹಂಚಿದ.

ಈ ಪ್ರಯೋಗದ ಯಶಸ್ಸಿನಿಂದ ಸಂಘದಲ್ಲಿ ಹೊಸ ಹುರುಪು ಬಂದಿದೆ. ಉಳಿದ ಕೆಲಸಗಾರರೂ ತಮ್ಮ ಒಂದೊಂದು ಬೆರಳು ಹೋಗಿದೆಯೆಂದು ಭಾವಿಸಬೇಕೆಂದು ಮನವಿ ಸಲ್ಲಿಸಿದ್ದಾರೆ. ಹಿರಿತನದ ಪ್ರಕಾರ ಪರಿಶೀಲಿಸಲಾಗುತ್ತಿದೆ. ನಿಜವಾಗಿ ಬೆರಳು ಕಳೆದುಕೊಳ್ಳುವುದು ಹಳೆಯ ಕಾಲದ ಪದ್ಧತಿ ಎಂಬ ಭಾವನೆ ಬೆಳೆದಿದೆ. ಅಲ್ಲಾವುದ್ದೀನ ಮಾತ್ರ ಇನ್ನೂ ಗರಗಸದ ಪಕ್ಕ ನಿಂತು, ಇರುವ ಬೆರಳು ಇಲ್ಲದ ಬೆರಳು ಎಂದು ಭೇದ ಮಾಡದೆ ಎಲ್ಲರನ್ನೂ ಗೇಣು ದೂರ ಇರಿಸುತ್ತಾನೆ.

ಮರುವರ್ಷದ ವಾರ್ಷಿಕ ಸಭೆಯಲ್ಲಿ ನಿಯಮ ಬದಲಿಸುವ ಅವಕಾಶವಿತ್ತು. ಯಾರಿಗೂ ಅದು ನೆನಪಾಗಲಿಲ್ಲ, ಏಕೆಂದರೆ ಅಂದಿನ ಮುಖ್ಯ ಕಾರ್ಯಕ್ರಮ ಹುತಾತ್ಮ ಬೆರಳಿನ ಭಾವಚಿತ್ರ ಅನಾವರಣ. ಬೈಕುಲ್ಲಾದ ಪಕ್ಕದ ಲಾಲ್‌ಬಾಗಿನ ಸ್ಟುಡಿಯೋದಲ್ಲಿ ಶೆಟ್ಟೆಪ್ಪನ ಬೆರಳನ್ನು ನೆಟ್ಟಗೆ ನಿಲ್ಲಿಸಿ, ಹಿಂದೆ ಕಪ್ಪು ಪರದೆ ಬಿಟ್ಟು, ಫೋಟೋ ತೆಗೆಸಿದ್ದೆವು. ಅಲುಗಾಡಬಾರದೆಂದು ಫೋಟೋದವನು ಬೆರಳಿಗೆ ಪದೇ ಪದೇ ಹೇಳಿದ. ಚೌಕಟ್ಟನ್ನು ಶೆಟ್ಟೆಪ್ಪನೇ ಮೈಟರ್ ಮಶೀನಿನಲ್ಲಿ ಕೊಯ್ದ. ಅದರ ನಾಲ್ಕೂ ಮೂಲೆ ಕೂಡಿವೆ. ಸಂಘದ ಸಂಸ್ಥಾಪಕರ ಫೋಟೋಗಳ ಪಕ್ಕದಲ್ಲಿ ಅದನ್ನು ತೂಗುಹಾಕಿ, ಬಸವಂತರಾಯರು ಗಂಧದ ಹಾರ ಹಾಕಿ, ಬೆರಳಿನ ತ್ಯಾಗದ ಬಗ್ಗೆ ಮಾತನಾಡಿದರು. ಶೆಟ್ಟೆಪ್ಪನೂ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ.

ಈಗ ದಿನಾಲು ಮುಂಜಾನೆ ಕೆಲಸ ಶುರುವಾಗುವ ಮುಂಚೆ, ಇನ್ನೂ ಟ್ಯೂಬು ಏರಿಸಿರದ ಹೊತ್ತಿಗೆ, ಶೆಟ್ಟೆಪ್ಪ ಆ ಫೋಟೋದ ಗಾಜು ಒರೆಸಿ ವಿಭೂತಿ ಹಚ್ಚುತ್ತಾನೆ. ಮಲ್ಲಕ್ಕ ಪಕ್ಕದಲ್ಲಿ ಊದಿನಕಡ್ಡಿ ಹಿಡಿದು ನಿಂತಿರುತ್ತಾಳೆ. ಗಾಜಿನ ಮೇಲೆ ಮೂರು ಗೆರೆಗಳು ಒಟ್ಟಿಗೇ, ಒಂದೇ ಎಳೆತಕ್ಕೆ ಮೂಡುತ್ತವೆ. ಮೂರನೆಯದನ್ನು ಮಲ್ಲಕ್ಕ ಎಳೆದಳೆಂದು ಭಾವಿಸತಕ್ಕದ್ದು.